ನೆಲ ಹತ್ತಲೆಂದೇ ಹುಟ್ಟಿದ ಹಡಗು

ಕೇಳುಗರಿಗೆ ನಮಸ್ಕಾರ.

ಹಡಗು ನಡೆಸುವವರು ಬಿರುಗಾಳಿಗಿಂತಲೂ ಹೆಚ್ಚಾಗಿ ಹೆದರುವುದು ನೆಲಕ್ಕೆ. ತಳ ಮರಳಿಗೆ ತಾಗಿ ಹಡಗು ಕೂತುಬಿಟ್ಟರೆ ಕಪ್ತಾನನ ಮಾನ ಹೋದಂತೆಯೇ. ಇಂದು ನಾನು ಹೇಳಲಿರುವ ಹಡಗಿಗೆ ಮಾತ್ರ ಅದೇ ಕಸುಬು. ನೇರವಾಗಿ ದಡಕ್ಕೆ ನುಗ್ಗಿ, ಮರಳಿನ ಮೇಲೆ ಮೂತಿ ಊರಿ, ಬಾಯಿ ತೆರೆದು ಟ್ಯಾಂಕುಗಳನ್ನು ಇಳಿಸಿ, ಮತ್ತೆ ನೀರಿಗೆ ಮರಳಬೇಕು. ಅದಕ್ಕೆ ಹೆಸರೂ ಇರಲಿಲ್ಲ, ಇದ್ದದ್ದು ಒಂದು ಸಂಖ್ಯೆ: ಎಲ್‌ಎಸ್‌ಟಿ 325. ಎಲ್‌ಎಸ್‌ಟಿ ಎಂದರೆ ‘ಲ್ಯಾಂಡಿಂಗ್ ಶಿಪ್, ಟ್ಯಾಂಕ್’, ಟ್ಯಾಂಕು ಇಳಿಸುವ ಹಡಗು.

ಎರಡನೆಯ ಮಹಾಯುದ್ಧದ ಹೊತ್ತು. 1940ರಲ್ಲಿ ಜರ್ಮನ್ ಸೇನೆ ಮುತ್ತಿದಾಗ ಫ್ರಾನ್ಸಿನ ಡನ್‌ಕರ್ಕ್ ತೀರದಿಂದ ಬ್ರಿಟಿಷ್ ಸೈನಿಕರು ಜೀವ ಉಳಿಸಿಕೊಂಡು ಹೊರಟರು. ಅವರ ಟ್ಯಾಂಕು, ಫಿರಂಗಿ, ಲಾರಿಗಳೆಲ್ಲ ಫ್ರಾನ್ಸಿನಲ್ಲೇ ಉಳಿದವು. ಮತ್ತೆ ಯುರೋಪಿಗೆ ಕಾಲಿಡಬೇಕಾದರೆ ಅಷ್ಟೇ ಭಾರದ ಯಂತ್ರಗಳನ್ನು ಸಮುದ್ರ ದಾಟಿಸಬೇಕು. ಬಂದರುಗಳೆಲ್ಲ ಶತ್ರುವಿನ ವಶದಲ್ಲಿದ್ದವು. ಉಳಿದದ್ದು ಬರೀ ಮರಳಿನ ತೀರ.

ತೊಡಕು ಇದ್ದದ್ದು ಇಲ್ಲೇ. ಸಾಗರ ದಾಟುವ ಹಡಗು ನೀರಿನಲ್ಲಿ ಆಳವಾಗಿ ಕೂರಬೇಕು, ಇಲ್ಲದಿದ್ದರೆ ಅಲೆಯ ಹೊಡೆತಕ್ಕೆ ನಿಲ್ಲಲಾರದು. ದಡ ಹತ್ತುವ ಹಡಗಾದರೋ ನೀರಿನ ಮೇಲೆ ತೇಲಿದಂತೆಯೇ ಬರಬೇಕು. ಬ್ರಿಟಿಷರು ಮೊದಲು ವೆನೆಜುವೆಲಾದ ಮರಕೈಬೊ ಸರೋವರಕ್ಕೆಂದು ಕಟ್ಟಿದ್ದ, ಕಡಿಮೆ ಆಳದಲ್ಲಿ ಓಡುವ ಮೂರು ತೈಲ ಹಡಗುಗಳನ್ನು ಬದಲಾಯಿಸಿ ನೋಡಿದರು. 1941ರ ನವೆಂಬರಿನಲ್ಲಿ ಅಮೆರಿಕ ನೌಕಾಪಡೆಯ ಹಡಗು ವಿಭಾಗದ ಜಾನ್ ನೀಡರ್‌ಮೇಯರ್ ಬರೆದ ನಕ್ಷೆಯಲ್ಲಿ ಉತ್ತರ ಸಿಕ್ಕಿತು. ಹಡಗಿನ ಹೊಟ್ಟೆಯಲ್ಲಿ ದೊಡ್ಡ ದೊಡ್ಡ ತೊಟ್ಟಿಗಳು. ನಡುಗಡಲಿನಲ್ಲಿ ಅವಕ್ಕೆ ಸಮುದ್ರದ ನೀರನ್ನೇ ತುಂಬಿಸಿದರೆ ಹಡಗು ಕೆಳಗಿಳಿದು ಸ್ಥಿರವಾಗುತ್ತದೆ. ತೀರ ಹತ್ತಿರವಾದಾಗ ಪಂಪು ಮಾಡಿ ಆ ನೀರನ್ನು ಹೊರಗೆ ಚೆಲ್ಲಿದರೆ ಮೇಲೇಳುತ್ತದೆ. ಸರಕು ಹೊತ್ತು ದಡಕ್ಕೆ ಬರುವಾಗ ಮುಂಭಾಗ ನೀರಿನಲ್ಲಿ ಮುಳುಗಿರುತ್ತಿದ್ದುದು ಸುಮಾರು ನಾಲ್ಕು ಅಡಿ ಮಾತ್ರ. ನೆನೆದಾಗಲೆಲ್ಲ ಈ ಉಪಾಯದ ಸರಳತೆಗೆ ನಾನು ಬೆರಗಾಗುತ್ತೇನೆ.

ದಡಕ್ಕೆ ನುಗ್ಗುವ ಮೊದಲು ಹಿಂಬದಿಯಿಂದ ಒಂದು ಲಂಗರನ್ನು ನೀರಿಗೆ ಬಿಟ್ಟು ಮುಂದೆ ಬರುತ್ತಿದ್ದರು. ಸರಕು ಇಳಿಸಿದ ಮೇಲೆ ಅದರ ಹಗ್ಗವನ್ನು ಯಂತ್ರದಿಂದ ಸುತ್ತುತ್ತಾ ಹಡಗು ತನ್ನನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಒಳಗೆ ಸಾಲಾಗಿ ನಿಂತ ಟ್ಯಾಂಕುಗಳು ಒಟ್ಟಿಗೆ ಎಂಜಿನ್ ಚಾಲೂ ಮಾಡಿದರೆ ಹೊಗೆಗೆ ಜನ ಉಸಿರುಗಟ್ಟಿ ಸಾಯುವ ಅಪಾಯವಿತ್ತು. ಗಾಳಿ ಆಡಿಸುವ ಬಗೆಯನ್ನು ಪರೀಕ್ಷಿಸಲು ಸಮುದ್ರದಿಂದ ಬಹುದೂರದ, ಅಮೆರಿಕದ ಫೋರ್ಟ್ ನಾಕ್ಸ್ ಸೇನಾ ನೆಲೆಯಲ್ಲಿ ಹಡಗಿನ ಒಡಲಿನಂಥದೇ ಒಂದು ಕಟ್ಟಡವನ್ನು ಕಟ್ಟಿದರು.

ಯುದ್ಧ ಮುಗಿಯುವಷ್ಟರಲ್ಲಿ ಅಮೆರಿಕದಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಹಡಗುಗಳು ತಯಾರಾದವು. ಎಷ್ಟೋ ಹಡಗುಗಳನ್ನು ಕಟ್ಟಿದ್ದು ಸಮುದ್ರವನ್ನೇ ಕಾಣದ ಒಳನಾಡಿನ ಹೊಳೆ ದಂಡೆಯ ಊರುಗಳಲ್ಲಿ. ಒಹಾಯೊ ನದಿಯ ದಂಡೆಯಲ್ಲಿರುವ ಇವಾನ್ಸ್‌ವಿಲ್ ಊರೊಂದರಲ್ಲೇ 167 ಹಡಗುಗಳಾದವು. ಆ ಊರನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಅಲ್ಲಿಗೆ ಹೋಗುವುದಿದೆ.

ನಮ್ಮ 325 ಹುಟ್ಟಿದ್ದು ಫಿಲಡೆಲ್ಫಿಯಾದ ನೌಕಾ ಕಟ್ಟೆಯಲ್ಲಿ. 1942ರ ಅಕ್ಟೋಬರ್ 27ರಂದು ನೀರಿಗಿಳಿದು, 1943ರ ಫೆಬ್ರವರಿ 1ರಂದು ಸೇವೆಗೆ ಸೇರಿತು. ಉದ್ದ 328 ಅಡಿ, ಅಗಲ 50 ಅಡಿ, ವೇಗ ಸುಮಾರು 12 ನಾಟ್, ಅಂದರೆ ಗಂಟೆಗೆ ಸುಮಾರು 22 ಕಿಲೋಮೀಟರ್. ಚಪ್ಪಟೆ ತಳವಾದ್ದರಿಂದ ಸಣ್ಣ ಅಲೆಗೂ ತೊಟ್ಟಿಲಿನಂತೆ ತೂಗುತ್ತಿತ್ತು. ಎಲ್‌ಎಸ್‌ಟಿ ಎಂಬ ಮೂರು ಅಕ್ಷರಗಳನ್ನು ನಾವಿಕರು ‘ಲಾರ್ಜ್ ಸ್ಲೋ ಟಾರ್ಗೆಟ್’, ಅಂದರೆ ‘ದೊಡ್ಡ, ನಿಧಾನದ ಗುರಿ’ ಎಂದು ಬಿಡಿಸಿ ಹೇಳುತ್ತಿದ್ದರು. ಆ ಮಾತಿನಲ್ಲಿ ಭಯವೂ ಇತ್ತು. 1944ರ ಏಪ್ರಿಲ್ 28ರ ನಸುಕಿಗೂ ಮೊದಲು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ತಾಲೀಮು ನಡೆದಿದ್ದಾಗ ಜರ್ಮನ್ ಟಾರ್ಪಿಡೊ ದೋಣಿಗಳು ಇದೇ ಬಗೆಯ ಎರಡು ಹಡಗುಗಳನ್ನು ಮುಳುಗಿಸಿದವು. ಏಳು ನೂರಕ್ಕೂ ಹೆಚ್ಚು ತರುಣರು ನಿಜವಾದ ರಣರಂಗ ಕಾಣುವ ಮೊದಲೇ ತೀರಿಹೋದರು.

325 ಅಷ್ಟರಲ್ಲಿ ಸಿಸಿಲಿಯ ಜೇಲಾ ತೀರವನ್ನೂ ಇಟಲಿಯ ಸಲೆರ್ನೊವನ್ನೂ ಕಂಡಿತ್ತು. 1944ರ ಜೂನ್ 7ರಂದು, ಅಂದರೆ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಮೇಲೆ ದಾಳಿ ಮಾಡಿದ ಮರುದಿನ, ಅಲ್ಲಿನ ಒಮಾಹಾ ತೀರದ ಮುಂದೆ ಬಂದು ನಿಂತಿತು. ಅದರೊಳಗೆ 59 ವಾಹನಗಳು, ನಾಲ್ಕು ನೂರಕ್ಕೂ ಹೆಚ್ಚು ಸೈನಿಕರು. ಮರಳುವಾಗ ಅದೇ ಹಡಗಿನಲ್ಲಿ 38 ಮಂದಿ ಗಾಯಾಳುಗಳಿದ್ದರು. ಈ ಹಡಗುಗಳ ಕಥೆಯಲ್ಲಿ ನನ್ನನ್ನು ಬಹಳವಾಗಿ ತಟ್ಟುವುದು ಈ ಸಂಗತಿ. ಹೋಗುವಾಗ ಟ್ಯಾಂಕು ನಿಂತಿದ್ದ ಜಾಗದಲ್ಲೇ ಬರುವಾಗ ಗಾಯಾಳುಗಳ ಡೋಲಿಗಳನ್ನು ಇಡುತ್ತಿದ್ದರು. ಮುಂದಿನ ತಿಂಗಳುಗಳಲ್ಲಿ 325 ಹೀಗೆ ನಲವತ್ತಕ್ಕೂ ಹೆಚ್ಚು ಸಲ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿತು.

ಆ ವರ್ಷದ ಡಿಸೆಂಬರ್ 28ರಂದು ಎಂಪೈರ್ ಜಾವೆಲಿನ್ ಎಂಬ ಸೈನಿಕ ಸಾಗಣೆ ಹಡಗು ಫ್ರಾನ್ಸಿನತ್ತ ಹೋಗುತ್ತಾ ಕಡಲ್ಗಾಲುವೆಯಲ್ಲಿ ಮುಳುಗತೊಡಗಿತು. ಚಳಿಗಾಲದ ಕಡಲು. ಒಂದು ಫ್ರೆಂಚ್ ಯುದ್ಧನೌಕೆಯೂ 325ರ ನಾವಿಕರೂ ಕೂಡಿ ರಕ್ಷಣೆಗೆ ಇಳಿದರು. ಸುಮಾರು ಏಳು ನೂರು ಸೈನಿಕರು 325ರ ಮೇಲೆ ಬಂದು ಬದುಕಿಕೊಂಡರು.

ಯುದ್ಧ ಮುಗಿಯಿತು, 1946ರಲ್ಲಿ ಹಡಗನ್ನು ಸೇವೆಯಿಂದ ಇಳಿಸಿದರು. ಐವತ್ತರ ದಶಕದಲ್ಲಿ ಮತ್ತೆ ಎಬ್ಬಿಸಿ, ಉತ್ತರ ಧ್ರುವದ ಕಡೆಯ ರೇಡಾರ್ ಠಾಣೆಗಳಿಗೆ ಸಾಮಾನು ಸಾಗಿಸಲು ಕಳಿಸಿದರು. 1964ರಲ್ಲಿ ಗ್ರೀಸಿಗೆ ಕೊಟ್ಟರು. ಅಲ್ಲಿ ಕೊನೆಗೂ ಅದಕ್ಕೊಂದು ಹೆಸರು ಬಂತು: ಸಿರೋಸ್. 1999ರವರೆಗೆ ಗ್ರೀಕ್ ನೌಕಾಪಡೆಯಲ್ಲಿ ದುಡಿಯಿತು.

ಆ ಹೊತ್ತಿಗೆ ಅದರ ಒಡಹುಟ್ಟಿದ ಹಡಗುಗಳಲ್ಲಿ ಬಹುಪಾಲು ಗುಜರಿಗೆ ಹೋಗಿದ್ದವು. ಎಲ್‌ಎಸ್‌ಟಿಗಳಲ್ಲಿ ಹಿಂದೆ ದುಡಿದಿದ್ದ ಅಮೆರಿಕದ ಹಳೆಯ ನಾವಿಕರು ಸಂಘ ಕಟ್ಟಿಕೊಂಡು, 2000ನೇ ಇಸವಿಯ ಬೇಸಿಗೆಯಲ್ಲಿ ಕ್ರೀಟ್ ದ್ವೀಪದ ಸೌಡಾ ಕೊಲ್ಲಿಗೆ ಹೋದರು. ಅವರ ಸರಾಸರಿ ವಯಸ್ಸು 72. ಸುಡುವ ಬಿಸಿಲಿನಲ್ಲಿ ತುಕ್ಕು ಕೆರೆದರು, ಎಂಜಿನ್ ಬಿಚ್ಚಿ ಜೋಡಿಸಿದರು, ಆ ಕಬ್ಬಿಣದ ಒಡಲಲ್ಲೇ ಮಲಗಿದರು. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವುದು ಬೇಡವೆಂದು ಅಧಿಕಾರಿಗಳು ಎಚ್ಚರಿಸಿದ್ದರು. ಆದರೂ ಕಪ್ತಾನ ರಾಬರ್ಟ್ ಜಾರ್ನ್‌ಲಿನ್ ನವೆಂಬರಿನಲ್ಲಿ ಲಂಗರು ಎತ್ತಿಸಿದರು. ಜಿಬ್ರಾಲ್ಟರ್ ದಾಟಿ, 6,500 ಮೈಲಿ ಸಾಗಿ, 2001ರ ಜನವರಿ 10ರಂದು ಹಡಗು ಅಲಬಾಮದ ಮೊಬೀಲ್ ಬಂದರನ್ನು ಸೇರಿತು. ಇಪ್ಪತ್ತರ ಹರೆಯದಲ್ಲಿ ಯಾವ ಕೆಲಸಕ್ಕೆ ಹೆದರುತ್ತಾ ಹೋಗಿದ್ದರೋ, ಅದೇ ಕೆಲಸಕ್ಕೆ ಎಪ್ಪತ್ತರಲ್ಲಿ ಆಸೆಪಟ್ಟು ಹೋದ ಆ ಹಿರಿಯರ ಮೇಲೆ ನನಗೆ ತೀರದ ಗೌರವ.

2003ರಲ್ಲಿ ಆ ಹಡಗು ಹೊಳೆಯ ದಾರಿ ಹಿಡಿದು ಇವಾನ್ಸ್‌ವಿಲ್‌ಗೆ ಬಂದಾಗ ನೋಡಲು ಸಾವಿರಾರು ಜನ ಸೇರಿದರು. ಆ ಊರು ಕಟ್ಟಿದ 167 ಹಡಗುಗಳಲ್ಲಿ ಒಂದೂ ಅದರ ದಂಡೆಯಲ್ಲಿ ಉಳಿದಿರಲಿಲ್ಲ. ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಈ ಹಡಗನ್ನು ಊರಿನವರು ಉಳಿಸಿಕೊಂಡರು, 2005ರಿಂದ ಅದೇ ಅದರ ಮನೆ. ಈಗ ಶಾಲಾ ಮಕ್ಕಳು ಟ್ಯಾಂಕುಗಳು ನಿಂತಿದ್ದ ಆ ಒಡಲಿನೊಳಗೆ ನಡೆದು ಹೋಗುತ್ತಾರೆ. ವರ್ಷಕ್ಕೊಮ್ಮೆ ಹಡಗು ತನ್ನದೇ ಎಂಜಿನ್ ಬಲದಿಂದ ಹೊರಟು, ಹೊಳೆ ದಂಡೆಯ ಊರುಗಳನ್ನು ನೋಡಿಕೊಂಡು ಬರುತ್ತದೆ.

ನಮಸ್ಕಾರ.