ಬಸ್ಸು ಬಾರದ ಹದಿನೈದು ದಿನ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ ಬೆಳಕು ಹರಿಯುವ ಮೊದಲೇ ಕುದುರುತ್ತದೆ. ಅಲ್ಲಿಂದ ಹೂವು ತಂದು ನಮ್ಮ ಬೀದಿಯಲ್ಲಿ ಮಾರುವ ಹೆಂಗಸೊಬ್ಬರು ನಸುಕಿನ ಮೊದಲ ಬಸ್ಸಿಗೆ ಬುಟ್ಟಿಯೊಡನೆ ಹೊರಡುತ್ತಿದ್ದರು. 2021ರ ಏಪ್ರಿಲ್ 7ರ ಬುಧವಾರ ಆ ಬಸ್ಸು ಬರಲಿಲ್ಲ. ಎರಡು ದಿನ ಆಟೋದಲ್ಲಿ ಹೋಗಿ ಬಂದು, ಲಾಭವೆಲ್ಲ ಬಾಡಿಗೆಗೇ ಸರಿಹೋಗುವುದನ್ನು ಕಂಡ ಅವರು ಮೂರನೆಯ ದಿನ ವ್ಯಾಪಾರವನ್ನೇ ನಿಲ್ಲಿಸಿದರು. ಮುಂದಿನ ಮಂಗಳವಾರ ಯುಗಾದಿ; ಹೂವಿಗೆ ಒಳ್ಳೆಯ ಬೆಲೆ ಬರುವ ದಿನ.

ಅಂದು ಮುಷ್ಕರ ಹೂಡಿದವರು ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ನೌಕರರು. 2020ರ ಡಿಸೆಂಬರಿನಲ್ಲಿ ನಾಲ್ಕು ದಿನ ಬಸ್ಸು ನಿಲ್ಲಿಸಿದಾಗ ಸರ್ಕಾರ ಅವರ ಹತ್ತು ಬೇಡಿಕೆಗಳಲ್ಲಿ ಒಂಬತ್ತನ್ನು ಒಪ್ಪಿತ್ತು. ಆರನೆಯ ವೇತನ ಆಯೋಗದ ಪ್ರಕಾರ ಸಂಬಳ ಸಿಗಬೇಕೆಂಬುದೇ ಏಪ್ರಿಲಿನಲ್ಲಿ ಉಳಿದ ಮುಖ್ಯ ಜಗಳ. ಸರ್ಕಾರ ಶೇಕಡಾ 8ರಷ್ಟು ಹೆಚ್ಚಳ ಕೊಡುತ್ತೇನೆಂದಿತು, ನೌಕರರು ಒಪ್ಪಲಿಲ್ಲ. ನಡುರಾತ್ರಿ ಡ್ಯೂಟಿ ಮುಗಿಸಿ ಘಟಕದಲ್ಲೇ ಮಲಗಿ, ನಸುಕಿನಲ್ಲೆದ್ದು ಮತ್ತೆ ಗಾಡಿ ತೆಗೆಯುವ ಚಾಲಕನು ಸರ್ಕಾರಿ ಕಚೇರಿಯ ನೌಕರನಷ್ಟೇ ಸಂಬಳ ಕೇಳಿದ್ದರಲ್ಲಿ ನನಗಂತೂ ಅತಿಯಾಸೆ ಕಾಣಲಿಲ್ಲ.

ಸರ್ಕಾರ ಖಾಸಗಿ ಬಸ್ಸು, ಮ್ಯಾಕ್ಸಿಕ್ಯಾಬುಗಳನ್ನು ನಿಗಮದ ನಿಲ್ದಾಣಗಳೊಳಗೇ ಬಿಟ್ಟಿತು. ಮೆಜೆಸ್ಟಿಕ್ಕಿನಲ್ಲಿ ಬಿಎಂಟಿಸಿ ಗಾಡಿಗಳು ನಿಲ್ಲುವ ಅಂಕಣಗಳಲ್ಲಿ ಬಣ್ಣಬಣ್ಣದ ವ್ಯಾನುಗಳು ನಿಂತವು. ಆದರೆ ಅವು ಹೊರಟದ್ದು ತುಂಬಿದ ಮೇಲೆ, ಹೋದದ್ದು ಜನ ಹೆಚ್ಚಾಗಿರುವ ದೊಡ್ಡ ರಸ್ತೆಗಳಲ್ಲಿ. ನಗರದಂಚಿನ ಬಡಾವಣೆಗೆ ಮಧ್ಯಾಹ್ನ ಎಂಟೇ ಜನರನ್ನು ಕೂರಿಸಿಕೊಂಡು ಹೋಗುವ ಬಸ್ಸಿನ ಜಾಗವನ್ನು ಯಾವ ವ್ಯಾನೂ ತುಂಬಲಿಲ್ಲ. ಹಂತ ಲೆಕ್ಕ ಹಾಕಿ ಆಗ ಐದು ರೂಪಾಯಿಯಿಂದ ಟಿಕೆಟ್ ಹರಿಯುತ್ತಿದ್ದ ನಿರ್ವಾಹಕನ ಎದುರು ಯಾರೂ ಚೌಕಾಸಿ ಮಾಡಬೇಕಾಗಿರಲಿಲ್ಲ. ಈಗ ಬಾಗಿಲಲ್ಲಿ ನಿಂತ ಹುಡುಗ ಹೇಳಿದ್ದೇ ದರವಾಯಿತು. ಬಸ್‌ಪಾಸ್ ಕೊರಳಿಗೆ ಹಾಕಿಕೊಂಡ ವಿದ್ಯಾರ್ಥಿಗೆ ಆ ವ್ಯಾನಿನಲ್ಲಿ ಪಾಸೆಂಬುದೇ ಇರಲಿಲ್ಲ. ಕೆಲವು ವಿಶ್ವವಿದ್ಯಾಲಯಗಳು ಪರೀಕ್ಷೆಗಳನ್ನು ಮುಂದಕ್ಕೆ ಹಾಕಿದವು.

ಮೆಟ್ರೊ ಇತ್ತಲ್ಲ ಎಂದು ಕೇಳಬಹುದು. ಆಗ ಅದು ಓಡುತ್ತಿದ್ದುದು ಎರಡೇ ಸಾಲುಗಳಲ್ಲಿ: ಬೈಯಪ್ಪನಹಳ್ಳಿಯಿಂದ ಮೈಸೂರು ರಸ್ತೆಗೆ, ನಾಗಸಂದ್ರದಿಂದ ರೇಷ್ಮೆ ಸಂಸ್ಥೆಗೆ. ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳಿಗೆ ಆ ಎರಡೂ ಸಾಲುಗಳಿಂದ ಪ್ರಯೋಜನವಿರಲಿಲ್ಲ. ಮೂರು ಮನೆಗಳಲ್ಲಿ ಪಾತ್ರೆ ತೊಳೆಯುವವರು ದೂರದ ಮನೆಯನ್ನು ಬಿಟ್ಟು ಹತ್ತಿರದ ಎರಡನ್ನು ಉಳಿಸಿಕೊಂಡರು. ಸ್ವಂತ ವಾಹನವಿದ್ದವರಿಗೆ ಮುಷ್ಕರವೆಂದರೆ ವಾರ್ತೆಯಾಗಿತ್ತು. ಇಲ್ಲದವರಿಗೆ ಅದು ದಿನದ ಕೂಲಿಯ ಪ್ರಶ್ನೆಯಾಗಿತ್ತು. ಬಸ್ಸು ಹತ್ತುವವರೂ ಓಡಿಸುವವರೂ ಬಹುಪಾಲು ಒಂದೇ ಬಗೆಯ ಬಡಾವಣೆಗಳಲ್ಲಿ ಬಾಡಿಗೆಗಿರುವವರು. ಹೀಗಾಗಿ ನೌಕರರ ಹೆಂಡತಿ ಮಕ್ಕಳು ಬೀದಿಗಿಳಿದು ತಟ್ಟೆ ಬಡಿದಾಗ, ನಡೆದು ಸುಸ್ತಾದ ಪ್ರಯಾಣಿಕರಲ್ಲಿ ಬೈದವರೂ ಇದ್ದರು, ಮರುಗಿದವರೂ ಇದ್ದರು. ಎರಡನ್ನೂ ಒಟ್ಟಿಗೆ ಮಾಡಿದವರನ್ನೂ ನಾನು ಕಂಡಿದ್ದೇನೆ.

ಅಷ್ಟರಲ್ಲಿ ಕೊರೊನಾದ ಎರಡನೆಯ ಅಲೆ ಏರುತ್ತಿತ್ತು. ಏಪ್ರಿಲ್ 10ರಿಂದ ನಗರದಲ್ಲಿ ರಾತ್ರಿ ಕರ್ಫ್ಯೂ ಬಂತು. ಕಿಕ್ಕಿರಿದ ವ್ಯಾನುಗಳಲ್ಲಿ ಅಂತರದ ಮಾತೇ ಇರಲಿಲ್ಲ. ಸೋಂಕಿನ ಈ ಸಮಯದಲ್ಲಿ ಮುಷ್ಕರ ಸಲ್ಲದೆಂದು ಹೈಕೋರ್ಟು ಹೇಳಿದ ಮೇಲೆ, 21ರಂದು ನೌಕರರು ಕೆಲಸಕ್ಕೆ ಮರಳಿದರು. ವೇತನ ಆಯೋಗದ ಬೇಡಿಕೆ ಮಾತ್ರ ಹಾಗೆಯೇ ಉಳಿಯಿತು.

ಹೂವಿನವರು ಮತ್ತೆ ಮೊದಲ ಬಸ್ಸು ಹತ್ತಿದರು. ಆರೇ ದಿನ. 27ರ ರಾತ್ರಿಯಿಂದ ರಾಜ್ಯಕ್ಕೆಲ್ಲ ಕರ್ಫ್ಯೂ ಬಿದ್ದು ಬಸ್ಸುಗಳು ಮತ್ತೆ ಘಟಕ ಸೇರಿದವು; ಮುಷ್ಕರದಲ್ಲಿ ವಜಾಗೊಂಡ ಚಾಲಕ ನಿರ್ವಾಹಕರು ಆ ದಿನಗಳನ್ನು ಸಂಬಳವಿಲ್ಲದೆಯೇ ಕಳೆದರು.

ನಮಸ್ಕಾರ.