ಆರು ಲಕ್ಷದ ಪತ್ರ, ಮೂವತ್ತಾರು ಸಾವಿರದ ಸಂಬಳ

ನನ್ನ ಮೊದಲ ಕೆಲಸದ ಸಂಬಳ ನಿಗದಿಯಾದದ್ದು ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ, ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು ಇನ್ನೊಂದಕ್ಕೆ ಫೋನ್ ಒತ್ತಿಹಿಡಿದು ನಿಂತಿದ್ದಾಗ. ‘ನಿಮ್ಮ ನಿರೀಕ್ಷೆ ಎಷ್ಟು?’ ಎಂದು ಎಚ್‌ಆರ್ ಕೇಳಿದರು. ‘ನೀವು ಕೊಟ್ಟಷ್ಟು, ಮೇಡಂ’ ಎಂದೆ. ಮನೆಯಲ್ಲಿ ಇದನ್ನು ವಿನಯ ಎಂದು ಮೆಚ್ಚಿದರು. ನಾನು ಒಪ್ಪಿಕೊಂಡದ್ದು ಏನನ್ನು ಎಂಬುದು ತಿಳಿದದ್ದು ಮೊದಲ ಸಂಬಳ ಖಾತೆಗೆ ಬಿದ್ದ ದಿನ.

ಆದ್ದರಿಂದ ಈಗ ಯಾರಾದರೂ ‘ಎಷ್ಟು ಕೇಳಲಿ?’ ಎಂದು ಬಂದರೆ, ಆಫರ್ ಲೆಟರಿನ ಕೊನೆಯಲ್ಲಿರುವ ಸಂಬಳದ ವಿವರಪಟ್ಟಿಯನ್ನು ಮೊದಲು ತೋರಿಸಿ ಎನ್ನುತ್ತೇನೆ. ಈಚೆಗೆ ನನ್ನ ಅಕ್ಕನ ಮಗಳು ತಂದ ಪತ್ರದಲ್ಲಿ ಸಿಟಿಸಿ, ಅಂದರೆ ಕಂಪನಿ ಒಬ್ಬ ನೌಕರರ ಮೇಲೆ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ, 6 ಲಕ್ಷ ಎಂದಿತ್ತು. ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 50,000 ಎಂದು ಅವಳು ಆಗಲೇ ಅಮ್ಮನಿಗೆ ಹೇಳಿಬಿಟ್ಟಿದ್ದಳು. ಇಬ್ಬರೂ ಪೆನ್ನು ಹಿಡಿದು ಕೂತೆವು. ವೇರಿಯಬಲ್ ಪೇ 60,000, ಅದು ವರ್ಷದ ಕೊನೆಗೆ, ಬಂದರೆ ಬಂತು. ಮೂಲ ವೇತನ ವರ್ಷಕ್ಕೆ 3 ಲಕ್ಷ; ಅದರ ಶೇ. 12ರಂತೆ ಕಂಪನಿಯ ಪಾಲಿನ ಭವಿಷ್ಯ ನಿಧಿ 36,000, ಶೇ. 4.81ರಂತೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗಾಗಿ ಕೊಡುವ ಇಡಿಗಂಟು) 14,430, ವಿಮೆಯ ಕಂತು 9,570. ಇವೆಲ್ಲ ಕಳೆದರೆ ತಿಂಗಳಿಗೆ ಉಳಿಯುವುದು 40,000. ಅದರಿಂದ ಅವಳ ಪಾಲಿನ ಭವಿಷ್ಯ ನಿಧಿ 3,000 ಮತ್ತು ಕರ್ನಾಟಕದ ವೃತ್ತಿ ತೆರಿಗೆ 200 ಹೋದ ಮೇಲೆ ಕೈಗೆ ಬರುವುದು 36,800. ಭವಿಷ್ಯ ನಿಧಿ ಅವಳದೇ ಹಣ, ಅದರ ಬಗ್ಗೆ ತಕರಾರಿಲ್ಲ. ಆದರೆ ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷದ ಸೇವೆಯ ನಂತರವೇ ಸಿಗುವ ಗ್ರಾಚ್ಯುಟಿಯನ್ನು, ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ಈ ಊರಿನಲ್ಲಿ, ಸಂಬಳವೆಂದು ಎಣಿಸಿ ತೋರಿಸುವುದು ನನಗೆ ಒಪ್ಪಿಗೆಯಿಲ್ಲ.

ಕ್ಯಾಂಪಸ್‌ನಲ್ಲಿ ನೂರಾರು ಜನರನ್ನು ಒಟ್ಟಿಗೆ ಆರಿಸಿಕೊಳ್ಳುವ ಕಡೆ ಮೊತ್ತ ಅಲುಗುವುದು ಅಪರೂಪ. ಅಲ್ಲಿ ಹಟ ಹಿಡಿಯುವುದು ವ್ಯರ್ಥ. ಆದರೆ ಸೇರುವ ದಿನಾಂಕ, ನೋಟಿಸ್ ಅವಧಿ, ಊರು ಬದಲಿಸುವ ಖರ್ಚು ಇವನ್ನು ಅಲ್ಲಿಯೂ ಕೇಳಬಹುದು. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ಮಾಲೀಕರಿಗೆ ಹೆಸರಾದ ಬೆಂಗಳೂರಿನಲ್ಲಿ, ದಾವಣಗೆರೆಯಿಂದಲೋ ಹಾಸನದಿಂದಲೋ ಬರುವವರಿಗೆ ಸೇರುವಾಗಲೇ ಸಿಗುವ 30,000 ರೂಪಾಯಿ, ವರ್ಷದ ಕೊನೆಯ 60,000ಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಧ್ಯದಲ್ಲಿ ಬಿಟ್ಟರೆ ಅದನ್ನು ಹಿಂದಿರುಗಿಸಬೇಕೇ ಎಂಬುದನ್ನೂ ಓದಿಕೊಳ್ಳಿ.

ಬಾಂಡ್, ಅಂದರೆ ಇಷ್ಟು ಕಾಲ ಕೆಲಸ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಎಂಬ ಕರಾರಿನ ವಿಷಯದಲ್ಲಿ ಮಾತ್ರ, ‘ಅದೆಲ್ಲ ಕೋರ್ಟಿನಲ್ಲಿ ನಿಲ್ಲುವುದಿಲ್ಲ’ ಎಂದು ಪಿಜಿಯಲ್ಲಿ ಜೊತೆಗಿರುವವರು ವಕೀಲರಂತೆ ಹೇಳುವ ಮಾತನ್ನು ನಂಬಬೇಡಿ. ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ.

ಕೇಳುವ ಬಗೆ ಹೇಗೆ ಎಂದರೆ, ಫೋನಿನಲ್ಲಿ ತಕ್ಷಣ ಮೊತ್ತ ಹೇಳದೆ, ಪತ್ರ ನೋಡಿ ನಾಳೆ ತಿಳಿಸುತ್ತೇನೆ ಎನ್ನಬೇಕು. ಅಷ್ಟಕ್ಕೇ ಕೆಲಸ ಕಿತ್ತುಕೊಳ್ಳುವ ಕಂಪನಿಗೆ ಸೇರದಿರುವುದೇ ಲೇಸು. ಮನೆಯ ಸಾಲ, ತಮ್ಮನ ಫೀಸು ಇವನ್ನು ಮುಂದಿಡಬಾರದು. ನಮ್ಮ ಹುಡುಗಿ, ತಾನು ಇಂಟರ್ನ್‌ಶಿಪ್‌ನಲ್ಲಿ ಮಾಡಿದ ಕೆಲಸ ಮತ್ತು ತನ್ನ ಕೈಯಲ್ಲಿದ್ದ ಇನ್ನೊಂದು ಆಫರ್ ಎರಡನ್ನೂ ನಾಲ್ಕು ಸಾಲಿನ ಇಮೇಲ್‌ನಲ್ಲಿ ಬರೆದು, ವೇರಿಯಬಲ್ ಮೊತ್ತವನ್ನು ನಿಗದಿತ ಸಂಬಳಕ್ಕೆ ಸೇರಿಸಲು ಸಾಧ್ಯವೇ ಎಂದು ಕೇಳಿದಳು. ಕಳಿಸುವ ಮೊದಲು ‘ದಯವಿಟ್ಟು ಕ್ಷಮಿಸಿ’ ಎಂಬುದನ್ನು ನಾನೇ ಎರಡು ಕಡೆ ಅಳಿಸಿದೆ. ಮೂರನೇ ದಿನ ಉತ್ತರ ಬಂತು: ಸಿಟಿಸಿ ಅದೇ 6 ಲಕ್ಷ, ಆದರೆ ವೇರಿಯಬಲ್‌ನ ಅರ್ಧ ತಿಂಗಳ ಭತ್ಯೆಗೆ ಸೇರಿತ್ತು. ತಿಂಗಳಿಗೆ 2,500 ಹೆಚ್ಚು, 39,300. ಈ ಸಲ ಅವಳು ಅಮ್ಮನಿಗೆ ಫೋನ್ ಮಾಡಿ ಹೇಳಿದ್ದು ಆ ಮೊತ್ತವನ್ನೇ.