ವಾರದ ಪಾಳಿ

ಪಾಲಕರೇ, ಜೊತೆಯ ಶಿಕ್ಷಕರೇ, ನಮಸ್ಕಾರ. ರವಿವಾರದ ಸಂಜೆಯನ್ನು ಶಾಲೆಯ ಮಾತಿಗೆಂದು ತೆಗೆದಿಟ್ಟು ಬಂದಿದ್ದೀರಿ. ಹಡಪಸರದಿಂದ, ಪಿಂಪರಿಯಿಂದ ಎರಡೆರಡು ಬಸ್ ಬದಲಿಸಿ ಬಂದವರೂ ಇದ್ದೀರಿ. ಹಾಗಾಗಿ ಸುತ್ತುಬಳಸದೆ ಶುರು ಮಾಡುತ್ತೇನೆ.

ಪುಣೆಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ನಾನು ಬಹಳ ವರ್ಷ ಮೂರನೇ ಇಯತ್ತೆಗೆ, ಅಂದರೆ ಮೂರನೇ ತರಗತಿಗೆ, ಕಲಿಸಿದೆ. ಒಂದು ಜೂನ್ ತಿಂಗಳಲ್ಲಿ, ಸಿಂದಗಿ ಕಡೆಯಿಂದ ಬಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗಿದ್ದ ತಂದೆಯೊಬ್ಬರು ಮಗನನ್ನು ಕೈಹಿಡಿದು ಕರೆತಂದರು. "ಅಕ್ಕೋರೇ, ಅಕ್ಷರ ಹೆಂಗರೆ ಕಲೀತಾನ. ಈಟು ಸಂಸ್ಕಾರ ಕಲಸ್ರಿ. ನಾವಿಬ್ಬರೂ ದುಡ್ಯಾಕ ಹೋಗ್ತೀವಿ, ಮನ್ಯಾಗ ಹೇಳಾವ್ರು ಯಾರೂ ಇಲ್ಲ" ಅಂದರು. ನಾನು "ಆಗಲ್ರಿ" ಅಂದೆ. ಹೇಗೆ ಕಲಿಸುವುದೆಂದು ಮಾತ್ರ ಆಗ ನನಗೂ ತಿಳಿದಿರಲಿಲ್ಲ.

ವೇಳಾಪತ್ರಿಕೆಯಲ್ಲಿ ಮೌಲ್ಯಶಿಕ್ಷಣದ ತಾಸು ಇತ್ತು. ಸತ್ಯದ ಮೇಲೊಂದು ಕಥೆ, ದಯೆಯ ಮೇಲೊಂದು ಕಥೆ ಹೇಳುತ್ತಿದ್ದೆ. ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು. ಗಂಟೆ ಬಾರಿಸಿದ ಕೂಡಲೇ ನೀರಿನ ನಲ್ಲಿಯ ಹತ್ತಿರ ಒಂದನೇ ಇಯತ್ತೆಯ ಸಣ್ಣ ಮಕ್ಕಳನ್ನು ನೂಕಿ ಮುಂದೆ ನಿಲ್ಲುತ್ತಿದ್ದರು. ಮಕ್ಕಳು ಕೆಟ್ಟವರಾಗಿರಲಿಲ್ಲ. ಕಥೆಯೊಳಗಿನ ದಯೆಗೆ ನಲ್ಲಿಯ ದಾರಿ ಯಾರೂ ತೋರಿಸಿರಲಿಲ್ಲ, ಅಷ್ಟೇ.

ಆ ದಾರಿ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ವಾರ. ಎಂಟು ವರ್ಷದ ಮಗುವಿಗೆ ಒಂದು ದಿನ ಸಾಲದು. ಏನಾದರೂ ಕೈಗೆ ಹತ್ತುವಷ್ಟರಲ್ಲಿ ಶಾಲೆ ಬಿಟ್ಟಿರುತ್ತದೆ. ಆರು ತಿಂಗಳಿಗೊಮ್ಮೆ ಬರುವ ಸಹಾಮಾಹಿ ಪರೀಕ್ಷೆ ಎಂದರೆ ಅದಕ್ಕೆ ಮುಂದಿನ ಜನ್ಮವಿದ್ದ ಹಾಗೆ. ವಾರ ಹಾಗಲ್ಲ. ಊರಿನಲ್ಲಿ ಅಜ್ಜಿ ಸಂತೆಗೆ ಹೋಗುವ ದಿನದಿಂದ ಬೆರಳು ಮಡಚಿ ಎಣಿಸಿ ಬೆಳೆದ ಮಕ್ಕಳು ನಮ್ಮವು. ಮುಂದಿನ ಸಂತೆ ಬಂದೇ ಬರುತ್ತದೆ ಎಂಬ ನಂಬಿಕೆ ಅವುಗಳಿಗೆ ಇರುತ್ತದೆ.

ಲೆಕ್ಕವನ್ನೂ ಒಮ್ಮೆ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯವರೆಗಿನ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ತಾಸು ಪಾಠ ನಡೆಯಬೇಕು. ವಾರಕ್ಕೆ ಆರು ದಿನ ಹಿಡಿದರೆ 33 ವಾರಗಳ ಮೇಲೆ ಎರಡು ದಿನ. ನಾಲ್ಕನೇ ಇಯತ್ತೆ ದಾಟುವ ಹೊತ್ತಿಗೆ ಒಂದು ಮಗು ಹೆಚ್ಚೂಕಡಿಮೆ 133 ವಾರ ನಮ್ಮ ಕೈಯಲ್ಲಿರುತ್ತದೆ. ಗಣಪತಿ ಹಬ್ಬ, ಪಂಢರಪುರಕ್ಕೆ ಹೊರಟ ಪಾಲಖಿ ಊರೊಳಗೆ ಬಂದು ತಂಗುವ ದಿನ, ಊರ ಜಾತ್ರೆ, ಜ್ವರ ಎಲ್ಲ ಕಳೆದರೆ ಇನ್ನೂ ಕಡಿಮೆ. ಈ ಲೆಕ್ಕ ಮಾಡಿದ ದಿನ ನನಗೆ ಎದೆ ಝಲ್ಲೆಂದಿತ್ತು. ಇಷ್ಟರಲ್ಲೇ ಓದು, ಬರಹ, ಲೆಕ್ಕ, ಆ ತಂದೆ ಕೇಳಿದ ಸಂಸ್ಕಾರ, ಎಲ್ಲವೂ ಆಗಬೇಕು.

ಮೊದಲು ಓದು-ಬರಹದ ಮಾತು. ಶನಿವಾರ ಚಂದವಾಗಿ ಬರೆದಿದ್ದ ಒತ್ತಕ್ಷರ ಸೋಮವಾರ ಮರೆತೇಹೋಗಿರುತ್ತದೆ. "ಮನೆಯಲ್ಲಿ ಪುಸ್ತಕ ತೆರೆಯಲೇ ಇಲ್ಲವೇನು?" ಎಂದು ನಾವು ರೇಗುತ್ತೇವೆ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆನೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಕೆಲವು ತಾಸುಗಳಲ್ಲೇ ಭರದಿಂದ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದೇ ಸಲ ಕೂತು ಉರು ಹೊಡೆದದ್ದಕ್ಕಿಂತ ನಡುವೆ ದಿನ ಬಿಟ್ಟು ಓದಿದ್ದು ಹೆಚ್ಚು ನಿಲ್ಲುತ್ತದೆ. ನಮ್ಮ ಹಿರಿಯರು ದಿನಾ ದೀಪ ಹಚ್ಚಿದ ಮೇಲೆ ಮಗ್ಗಿ ಹೇಳಿಸುತ್ತಿದ್ದರಲ್ಲ, ಅದೂ ಇದೇ. ಮರೆಯುವುದು ಮಗುವಿನ ತಪ್ಪಲ್ಲ ಎಂದು ತಿಳಿದ ಮೇಲೆ ನನ್ನ ಸೋಮವಾರಗಳ ದನಿ ಬದಲಾಯಿತು. ಉಕ್ತಲೇಖನಕ್ಕೆ ಹತ್ತು ಶಬ್ದ ಕೊಡುತ್ತಿದ್ದೆ: ಆರು ಹೊಸವು, ಎರಡು ಹಿಂದಿನ ವಾರದವು, ಇನ್ನೆರಡು ತಿಂಗಳ ಹಿಂದಿನವು. ಹಳೆಯ ಶಬ್ದ ಬಂದಾಗ ಮಕ್ಕಳ ಮುಖ ಹಳೆಯ ಗೆಳೆಯನನ್ನು ಕಂಡಂತೆ ಅರಳುತ್ತಿತ್ತು.

ಪುಣೆಯ ಕನ್ನಡ ಮಕ್ಕಳಿಗೆ ಒಂದು ವಿಶೇಷ ಕಷ್ಟವಿದೆ. ಕನ್ನಡದಲ್ಲಿ ಎ ಬೇರೆ, ಏ ಬೇರೆ. ಒ ಬೇರೆ, ಓ ಬೇರೆ. ಮರಾಠಿ, ಹಿಂದಿಯಲ್ಲಿ ಈ ಹ್ರಸ್ವ-ದೀರ್ಘದ ಭೇದ ಬರಹದಲ್ಲಿಲ್ಲ, ದೇವನಾಗರಿಯಲ್ಲಿ ಎರಡಕ್ಕೂ ಒಂದೇ ಗುರುತು. ಓಣಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ, ಕೆಲವರ ಮನೆಯಲ್ಲಿ ಲಂಬಾಣಿ. ಅಂಥ ಮಗು ಕೊಡು-ಕೋಡು, ಬೆಳೆ-ಬೇಳೆ ಬರೆಯುವಾಗ ತಡವರಿಸುವುದು ಸಹಜ.

ನಾನು ಹೇಳಿದ ಆ ಸಿಂದಗಿಯ ಹುಡುಗ ಒಂದು ಸಲ 'ನಮ್ಮ ಊರು' ಎಂದು ನಾಲ್ಕು ಸಾಲು ಬರೆದ. ಮೂರನೇ ಸಾಲು: 'ನಮ್ಮ ಹೊಲದ ಬೇಳೆ ಒಣಗಿತು.' ನಾನು ಕೆಂಪು ಪೆನ್ನಿನಿಂದ 'ಬೇ'ಗೆ ಗೋಲು ಹಾಕಿ, ಮೇಲೆ 'ಬೆ' ಎಂದು ಬರೆದು, ಹತ್ತಕ್ಕೆ ಆರು ಕೊಟ್ಟು ಕಳಿಸಿದೆ. ರಾತ್ರಿ ಮನೆಯಲ್ಲಿ ಬೇಳೆ ತೊಳೆಯುವಾಗ ಆ ಸಾಲು ನೆನಪಾಯಿತು. ಬೆಳೆ ಒಣಗಿತು. ಅದಕ್ಕೇ ಅವರು ಪುಣೆಗೆ ಬಂದಿದ್ದಾರೆ, ಅದಕ್ಕೇ ಅಪ್ಪ ಗೇಟು ಕಾಯುತ್ತಿದ್ದಾನೆ. ಒಂದು ಮಗು ತನ್ನ ಮನೆಯ ಅತಿ ದೊಡ್ಡ ದುಃಖವನ್ನು ನನಗೆ ಬರೆದು ಕೊಟ್ಟಿತ್ತು, ನಾನು ಅದರಲ್ಲಿ ದೀರ್ಘವನ್ನಷ್ಟೇ ಕಂಡೆ. ಮಾರನೇ ದಿನ ಅವನ ಪಕ್ಕ ಕೂತು, "ಯಾವ ಬೆಳಿ ಇತ್ತಪ್ಪಾ?" ಎಂದು ಕೇಳಿದೆ. "ತೊಗರಿ" ಅಂದ. ಬೆಳೆ ಒಣಗಿದರೆ ಬೇಳೆ ಎಲ್ಲಿಂದ ಬರಬೇಕು ಎಂದು ಇಡೀ ವರ್ಗ ಮಾತಾಡಿತು. ಅಂದಿನಿಂದ ಆ ಎರಡು ಶಬ್ದಗಳನ್ನು ಯಾರೂ ತಪ್ಪಲಿಲ್ಲ. ಅದಕ್ಕಿಂತ ಮುಖ್ಯ, ಆ ಹುಡುಗ ತಲೆ ಎತ್ತಿ ಮಾತಾಡತೊಡಗಿದ.

ಇನ್ನು ನಡತೆಯ ಮಾತಿಗೆ ಬರುತ್ತೇನೆ. ನಮ್ಮ ಬಹಳ ವರ್ಗಗಳಲ್ಲಿ ಮಾನಿಟರ್ ಇರುತ್ತಾನೆ. ಶಿಕ್ಷಕರು ಹೊರಗೆ ಹೋದಾಗ ಮಾತಾಡಿದವರ ಹೆಸರು ಹಲಗೆಯ ಮೇಲೆ ಬರೆಯುವುದು ಅವನ ಕೆಲಸ. ನಾನೂ ಮೊದಲು ಹಾಗೇ ಮಾಡಿಸುತ್ತಿದ್ದೆ. ಇಬ್ಬರು-ಮೂವರು ಜಾಣ ಮಕ್ಕಳಿಗೆ ವರ್ಷವಿಡೀ ಅಧಿಕಾರ, ಉಳಿದವರಿಗೆಲ್ಲ ಅಂಜಿಕೆ. ಅದರಿಂದ ಬೆಳೆಯುವುದು ಚಾಡಿ. ಅದನ್ನು ಬಿಟ್ಟು ಪಾಳಿ ಶುರು ಮಾಡಿದೆ. ನೀರಿನ ಪಾಳಿ, ಹಲಗೆ ಒರೆಸುವ ಪಾಳಿ, ಕಸ ಗುಡಿಸುವ ಪಾಳಿ, ಗಿಡದ ಪಾಳಿ, ಖಿಚಡಿ ಬಡಿಸುವ ಪಾಳಿ. ಸೋಮವಾರ ಶುರುವಾದರೆ ಶನಿವಾರದವರೆಗೆ ಅದೇ ಮಗು. ಹುಡುಗ-ಹುಡುಗಿ, ಆ ಜಾತಿ-ಈ ಜಾತಿ ಎಂಬ ಭೇದ ಪಟ್ಟಿಯಲ್ಲಿ ಇರಲಿಲ್ಲ. "ನಮ್ಮ ಹುಡುಗನ ಕೈಗೆ ಕಸಬರಿಗಿ ಕೊಟ್ರ್ಯಾ?" ಎಂದು ತಾಯಿಯೊಬ್ಬರು ನೊಂದುಕೊಂಡು ಬಂದಿದ್ದರು. ಪಟ್ಟಿಯಲ್ಲಿ ನನ್ನ ಹೆಸರೂ ಇರುವುದನ್ನು ತೋರಿಸಿದೆ. ನನ್ನ ಪಾಳಿಯ ವಾರ ನಾನೂ ಗುಡಿಸುತ್ತಿದ್ದೆ.

ಖಿಚಡಿಯ ಪಾಳಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಪ್ರಾಥಮಿಕ ಶಾಲೆಯ ಮಗುವಿನ ಮಧ್ಯಾಹ್ನದ ಊಟಕ್ಕೆ ದಿನಕ್ಕೆ 100 ಗ್ರಾಂ ಧಾನ್ಯ, 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಎಂದು ಸರ್ಕಾರ ಲೆಕ್ಕ ಹಾಕಿದೆ. ಆದರೆ ಕೊನೆಗೆ ತಟ್ಟೆಗೆ ಎಷ್ಟು ಬೀಳುತ್ತದೆ ಎಂಬುದು ಸೌಟು ಹಿಡಿದ ಕೈಯ ಮೇಲೆ ನಿಂತಿದೆ. ಅಡುಗೆಯ ಮಾವಶಿ ಪಕ್ಕದಲ್ಲಿರುತ್ತಿದ್ದರು, ಸೌಟು ಮಗುವಿನ ಕೈಯಲ್ಲಿ. ಒಬ್ಬ ಹುಡುಗಿ ಸೋಮವಾರ ಮುಂದಿನವರಿಗೆಲ್ಲ ತುಂಬುಸೌಟು ಹಾಕಿದಳು, ಸಾಲಿನ ಕೊನೆಯ ಐವರಿಗೆ ತಳ ಕೆರೆಯಬೇಕಾಯಿತು. ಮಂಗಳವಾರ ಅಂಜಿ ಎಲ್ಲರಿಗೂ ಅರ್ಧ ಹಾಕಿದಳು, ಪಾತ್ರೆಯಲ್ಲಿ ಉಳಿಯಿತು. ಬುಧವಾರ ತಾನೇ ಮೊದಲು ತಲೆ ಎಣಿಸಿದಳು, 28. ಪಾತ್ರೆಯನ್ನು ಕಣ್ಣಳತೆಯಲ್ಲಿ ಎರಡು ಪಾಲು ಮಾಡಿ, ಹದಿನಾಲ್ಕನೆಯವನಿಗೆ ಬಡಿಸುವಾಗ ಅರ್ಧಕ್ಕೆ ಬಂತೇ ಎಂದು ಇಣುಕಿ ನೋಡಿದಳು. ಗುರುವಾರ ಸಾಲಿನ ಹಿಂದಿನವರನ್ನು ಮೊದಲು ಕರೆದಳು. ನಾನು ಒಂದು ಮಾತೂ ಹೇಳಿರಲಿಲ್ಲ. ಭಾಗಾಕಾರವನ್ನೂ ನ್ಯಾಯವನ್ನೂ ಆಕೆ ಒಂದೇ ಸೌಟಿನಲ್ಲಿ ಕಲಿತಳು, ಅದಕ್ಕೆ ನಾಲ್ಕು ದಿನ ಬೇಕಾಯಿತು. ದಿನಕ್ಕೊಬ್ಬರಂತೆ ಪಾಳಿ ಇಟ್ಟಿದ್ದರೆ ಆಕೆ ಸೋಮವಾರದ ತಪ್ಪಿನಲ್ಲೇ ನಿಂತುಬಿಡುತ್ತಿದ್ದಳು.

ತಪ್ಪು ತಿದ್ದಿಕೊಳ್ಳುವುದಕ್ಕೂ ವಾರ ಬೇಕು. ಹೊಸ ಕಂಪಾಸಪೆಟ್ಟಿಗೆ ಕಳೆಯಿತು, ಹುಡುಗಿ ಅಳುತ್ತಿದ್ದಾಳೆ ಎನ್ನಿ. ಕೂಡಲೇ ಎಲ್ಲರ ಪಾಟಿಚೀಲ ಝಾಡಿಸಿದರೆ ಪೆಟ್ಟಿಗೆ ಸಿಗಬಹುದು, ಒಂದು ಮಗುವಿಗೆ 'ಕಳ್ಳ' ಎಂಬ ಹೆಸರೂ ಸಿಗುತ್ತದೆ, ಆ ಹೆಸರು ಏಳನೇ ಇಯತ್ತೆಯವರೆಗೂ ಬೆನ್ನು ಬಿಡುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತವನ್ನು ಮಾತ್ರ ಅಲ್ಲ, ಮನಸ್ಸಿಗೆ ಕೊಡುವ ಹಿಂಸೆಯನ್ನೂ ನಿಷೇಧಿಸಿದೆ. ನಾನು ಕಿಟಕಿಯ ಕಟ್ಟೆಯ ಮೇಲೆ ಒಂದು ಡಬ್ಬಿ ಇಟ್ಟಿದ್ದೆ. "ಯಾರಿಗೆ ಏನು ಸಿಕ್ಕರೂ ಶನಿವಾರದೊಳಗೆ ಇದರಲ್ಲಿ ಹಾಕ್ರಿ, ನಾನು ನೋಡೂದಿಲ್ಲ" ಎನ್ನುತ್ತಿದ್ದೆ. ಬಹಳ ಸಲ ಗುರುವಾರ ಶುಕ್ರವಾರದ ಹೊತ್ತಿಗೆ ವಸ್ತು ಬಂದಿರುತ್ತಿತ್ತು. ಬಾರದೇ ಹೋದದ್ದೂ ಇದೆ. ಆಗ ಎಲ್ಲರೂ ಸೇರಿ ಆ ಹುಡುಗಿಗೆ ಪೆನ್ಸಿಲ್, ಪಟ್ಟಿ ಹೊಂದಿಸಿ ಕೊಟ್ಟದ್ದೂ ಇದೆ.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಒಳ್ಳೆಯ ನಡತೆಗೆ ನಕ್ಷತ್ರದ ಸ್ಟಿಕರ್ ಅಂಟಿಸುವ ತಖ್ತೆ ಈಗ ಎಲ್ಲೆಡೆ ಕಾಣುತ್ತದೆ. ದಯವಿಟ್ಟು ಬೇಡ. ಸ್ಟಿಕರ್ ಕೊಟ್ಟ ತಿಂಗಳು ನನ್ನ ಮಕ್ಕಳು ಬಿದ್ದವನನ್ನು ಎತ್ತುವ ಮೊದಲು ನನ್ನ ಕಡೆ ನೋಡುತ್ತಿದ್ದರು.

ಮಹಾರಾಷ್ಟ್ರ ಸರ್ಕಾರ 2024ರಲ್ಲಿ 'ಆನಂದದಾಯಿ ಶನಿವಾರ' ಎಂದು ಶನಿವಾರವನ್ನು ಪಾಠಪುಸ್ತಕದ ಹೊರೆಯಿಂದ ಬಿಡಿಸಲು ಹೇಳಿತು. ಇದು ನನಗೆ ತುಂಬಾ ಹಿಡಿಸಿದ ವಿಚಾರ. ನನ್ನ ವರ್ಗದಲ್ಲಿ ಶನಿವಾರ ಗೋಲಾಗಿ ಕೂತು ಪಾಳಿ ಒಪ್ಪಿಸುತ್ತಿದ್ದೆವು. ಈ ವಾರ ಮಾಡಿದವರು ಮುಂದಿನ ವಾರದವರಿಗೆ ತಾವು ಕಲಿತದ್ದನ್ನು ಹೇಳಿಕೊಡಬೇಕು. ಜೊತೆಗೆ, ಈ ವಾರ ನನಗೆ ಯಾರು ಏನು ಮಾಡಿದರು ಎಂದು ಒಬ್ಬೊಬ್ಬರೂ ಒಂದು ಮಾತು ಹೇಳಬೇಕು. ತನ್ನ ಒಳ್ಳೆಯತನವನ್ನು ತಾನೇ ಹೇಳುವಂತಿಲ್ಲ, ಬೇರೆಯವರದ್ದೇ ಹೇಳಬೇಕು.

ವಾರ ತಪ್ಪಿಸಿಕೊಳ್ಳುವ ಮಕ್ಕಳ ಮಾತು ಉಳಿಯಿತು. ಬಿತ್ತನೆಗೆ, ಜಾತ್ರೆಗೆ ಎಂದು ಊರಿಗೆ ಹೋದವರು ಹದಿನೈದು ದಿನ ಬರುವುದಿಲ್ಲ. ನಾವು ಹಾಜರಿ ಪುಸ್ತಕ ಹಿಡಿದು ಬಯ್ಯುತ್ತೇವೆ. ಸಣ್ಣ ಮಕ್ಕಳ ಶಿಕ್ಷಣಕ್ಕೆ ದುಡಿದ ತಾರಾಬಾಯಿ ಮೋಡಕ್ ಮತ್ತು ಪುಣೆ ಜಿಲ್ಲೆಯಲ್ಲಿ ಹುಟ್ಟಿದ ಅನುತಾಯಿ ವಾಘ್ 1945ರಿಂದ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಯಲ್ಲಿ, ಆಮೇಲೆ ಹತ್ತಿರದ ಕೋಸಬಾಡದಲ್ಲಿ ವಾರಲಿ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಅವರ ಅಂಗಳಕ್ಕೇ ಶಾಲೆಯನ್ನು ಒಯ್ದರು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಕುರಣಶಾಲೆ ನಡೆಸಿದರು. ನಮಗೆ ಅಷ್ಟಾಗದಿದ್ದರೂ ಇಷ್ಟಾದರೂ ಆಗಲಿ: ಊರಿಂದ ಮರಳಿದ ಮಗುವಿಗೆ ಆ ಸೋಮವಾರವೇ ಒಂದು ಪಾಳಿ ಕೊಡಿ. ಎಲ್ಲಿ ಹೋಗಿದ್ದೆ ಎಂದು ಕೇಳುವ ಮೊದಲು ಕೈಗೆ ಕೆಲಸ ಕೊಡಿ. ತಪ್ಪಿದ ಪಾಠ ನಿಧಾನವಾಗಿ ಕೂಡಿಕೊಳ್ಳುತ್ತದೆ.

ಪಾಲಕರೇ, ನಿಮ್ಮ ಮನೆಯಲ್ಲೂ ಪಾಳಿ ಎನ್ನುವ ಶಬ್ದ ದಿನಾ ಕೇಳುತ್ತದೆ. ಹಗಲ ಪಾಳಿ, ರಾತ್ರಿ ಪಾಳಿ. ಶನಿವಾರ ಮಗು ಬಂದಾಗ ಅಂಕ ಕೇಳುವ ಮೊದಲು, ಈ ವಾರ ಯಾವ ಪಾಳಿ ಇತ್ತು ಎಂದು ಕೇಳಿ. ಆ ವರ್ಷದ ಒಂದು ಶನಿವಾರ ಸಿಂದಗಿಯ ಆ ತಂದೆ ರಾತ್ರಿ ಪಾಳಿ ಮುಗಿಸಿ ನೇರವಾಗಿ ಶಾಲೆಗೆ ಬಂದಿದ್ದರು. ಕಣ್ಣು ಕೆಂಪಾಗಿದ್ದವು. ಮಗ ಓಡಿ ಹೋಗಿ, "ಅಪ್ಪಾ, ನನ್ನ ನೀರಿನ ಪಾಳಿ ಇವತ್ತ ಮುಗೀತು" ಅಂದ.

"ಯಾರಿಗಿ ಒಪ್ಪಿಸಿದಿ?"

"ಹೊಸಾದಾಗಿ ಬಂದಾಳಲ್ಲ, ಆಕಿಗಿ. ಸಣ್ಣ ಹುಡುಗ್ರನ್ನ ಮುಂದ ಬಿಡು ಅಂತ ಹೇಳೀನಿ. ನಲ್ಲಿ ಜೋರ್ ತಿರುವಬ್ಯಾಡ ಅಂತನೂ ಹೇಳೀನಿ, ವಾಯ್ಸರ್ ಹೋಗೇತಿ."